ತವರಿನ ಕೋಟೆ, ತವರಿನ ಸಿಂಹ: ಎಲಿನೋರ್ ರಾಣಿಯ ಕೊನೆಯ ದಾರಿಯಲ್ಲಿ ಐದು ದಿನ

ಮೊದಲ ದಿನ: ಹಾರ್ಬಿ, ಲಿಂಕನ್

ಹಾರ್ಬಿ ಮುಟ್ಟಿದಾಗ ಬೆಳಿಗ್ಗೆ ಹತ್ತು ಗಂಟೆ. ಡಿಸೆಂಬರಿನ ಮೊದಲ ವಾರ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಮಗಳು ಕಾರು ನಿಲ್ಲಿಸಿ, "ಅಮ್ಮ, ಟೋಪಿ ಕಿವಿ ತನಕ ಎಳ್ಕೋ" ಅಂದಳು. ನಾನು ಹಾಸನದಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳಿದವಳು. ಅವಳು ಮದುವೆಯಾಗಿ ನಾಟಿಂಗ್‌ಹ್ಯಾಮಿಗೆ ಬಂದು ಎರಡು ವರ್ಷ. ಈ ಸಲ ಬಂದಾಗ ಎಲ್ಲಿಗೆ ಕರ್ಕೊಂಡು ಹೋಗಲಿ ಅಂತ ಕೇಳಿದಳು. ಎಲಿನೋರ್ ರಾಣಿಯ ದಾರಿ ಹಿಡಿದು ಲಂಡನ್ನಿಗೆ ಹೋಗೋಣ ಅಂದೆ.

ಹಾರ್ಬಿ ನಾಟಿಂಗ್‌ಹ್ಯಾಮ್‌ಷೈರಿನ ಅಂಚಿನ ಪುಟ್ಟ ಹಳ್ಳಿ. ಒಂದು ಚರ್ಚು, ಅದರ ಪಕ್ಕದಲ್ಲಿ ಹಳೇ ಕಂದಕದ ಗುರುತಿರುವ ಹುಲ್ಲುಗಾವಲು, ಅಷ್ಟೇ. ಇಲ್ಲಿ ರಿಚರ್ಡ್ ಡಿ ವೆಸ್ಟನ್ ಎಂಬುವವನ ಮನೆ ಇತ್ತು. 1290ರ ನವೆಂಬರ್ 28ರಂದು ಇಂಗ್ಲೆಂಡಿನ ರಾಣಿ ಎಲಿನೋರ್ ಆ ಮನೆಯಲ್ಲಿ ತೀರಿಕೊಂಡಳು. ಆಗ ಅವಳಿಗೆ 49ರ ಹತ್ತಿರ. ಗಂಡ ಮೊದಲನೇ ಎಡ್ವರ್ಡ್ ಪಕ್ಕದಲ್ಲೇ ಇದ್ದ. ಲಿಂಕನ್ನಿಗೆ ಹೊರಟವರು, ಜ್ವರ ಜಾಸ್ತಿಯಾಗಿ ದಾರಿಯಲ್ಲೇ ನಿಲ್ಲಬೇಕಾಯಿತು. ಅರಮನೆಗಳ ಒಡತಿ ಬೇರೆಯವರ ಮನೆಯ ಹಾಸಿಗೆಯಲ್ಲಿ ಕಣ್ಣು ಮುಚ್ಚಿದಳು.

ಅವಳು ಹುಟ್ಟಿದ್ದು 1241ರಲ್ಲಿ, ಈಗಿನ ಸ್ಪೇನಿನಲ್ಲಿರುವ ಕ್ಯಾಸ್ಟೀಲ್ ರಾಜ್ಯದಲ್ಲಿ. ತಂದೆ ಮೂರನೇ ಫರ್ನಾಂದೋ ಕ್ಯಾಸ್ಟೀಲ್ ಮತ್ತು ಲಿಯಾನ್ ಎರಡಕ್ಕೂ ರಾಜ. ಒಂದರ ಗುರುತು ಕೋಟೆ, ಇನ್ನೊಂದರದ್ದು ಸಿಂಹ. ತಾಯಿ ಜೋನ್, ಫ್ರಾನ್ಸಿನ ಉತ್ತರ ಕರಾವಳಿಯ ಪೊಂತ್ಯೂ ಸೀಮೆಯ ಒಡತಿ. ಹೆಣ್ಣು ಕೊಟ್ಟಿದ್ದು ಇಂಗ್ಲೆಂಡಿಗೆ.

ಮಧ್ಯಾಹ್ನ ಲಿಂಕನ್ನಿಗೆ ಹೋದೆವು. ಕತೀಡ್ರಲ್ ಗುಡ್ಡದ ಮೇಲಿದೆ. ಏರುದಾರಿಯ ಹೆಸರೇ ಸ್ಟೀಪ್ ಹಿಲ್. ಎರಡು ಕಡೆ ಕೂತು ದಣಿವಾರಿಸಿಕೊಂಡೆ. ಆ ಕಾಲದಲ್ಲಿ ದೊಡ್ಡ ಮನೆತನದವರ ದೇಹವನ್ನು ಮೂರು ಕಡೆ ಹೂಳುವ ಪದ್ಧತಿಯಿತ್ತು. ಲಿಂಕನ್‌ನ ಒಂದು ಮಠದಲ್ಲಿ ಅವಳ ದೇಹವನ್ನು ಕೆಡದಂತೆ ಸಿದ್ಧಮಾಡಿದರು. ಕರುಳನ್ನು ಈ ಕತೀಡ್ರಲ್ಲಿನಲ್ಲೇ ಹೂಳಿದರು. ಹೃದಯ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಮಠಕ್ಕೆ, ದೇಹ ವೆಸ್ಟ್‌ಮಿನ್‌ಸ್ಟರಿಗೆ. ಇಲ್ಲಿನ ಮೂಲ ಸಮಾಧಿ 17ನೇ ಶತಮಾನದ ಅಂತರ್ಯುದ್ಧದಲ್ಲಿ ಹಾಳಾಯಿತು. ಈಗಿರುವುದು 19ನೇ ಶತಮಾನದಲ್ಲಿ ಮಾಡಿಟ್ಟ ಪ್ರತಿ.

ಲಿಂಕನ್ನಿನಿಂದ ಲಂಡನ್ನಿಗೆ ಹೊರಟ ಶವಯಾತ್ರೆ ಎಲ್ಲೆಲ್ಲಿ ರಾತ್ರಿ ತಂಗಿತೋ ಅಲ್ಲೆಲ್ಲ ಒಂದೊಂದು ಕಲ್ಲಿನ ಶಿಲುಬೆ, ಅಂದರೆ ತುದಿಗೆ ಶಿಲುಬೆಯಿಟ್ಟ ಗೋಪುರದಂಥ ಸ್ಮಾರಕ, ನಿಲ್ಲಿಸಲು ಎಡ್ವರ್ಡ್ ಹೇಳಿದ. ಒಟ್ಟು 12. 1291ರಿಂದ ನಾಲ್ಕೈದು ವರ್ಷದಲ್ಲಿ ಎದ್ದು ನಿಂತವು. ಉಳಿದಿರುವುದು ಮೂರೇ. ಲಿಂಕನ್ನಿನ ಶಿಲುಬೆಯದು ಒಂದು ತುಂಡು ಮಾತ್ರ ಕೋಟೆಯ ಆವರಣದಲ್ಲಿದೆ: ಒಂದು ಪ್ರತಿಮೆಯ ಕೆಳಗಿನ ಭಾಗ. ಮುಖವಿಲ್ಲ, ಕೈಯಿಲ್ಲ, ಲಂಗದ ನೆರಿಗೆ ಮಾತ್ರ ಇದೆ. ನೆರಿಗೆ ಎಷ್ಟು ಸಹಜವಾಗಿ ಇಳಿದಿದೆಯೆಂದರೆ, ಯಾರೋ ಈಗಷ್ಟೇ ನಡೆದು ಬಂದು ನಿಂತ ಹಾಗಿದೆ. ನಾಲ್ಕು ಗಂಟೆಗೆಲ್ಲ ಕತ್ತಲು. ಅಲ್ಲೇ ಉಳಿದುಕೊಂಡೆವು.

ಎರಡನೇ ದಿನ: ಗ್ರ್ಯಾಂಥಮ್, ಸ್ಟ್ಯಾಮ್‌ಫರ್ಡ್, ಗೆಡಿಂಗ್ಟನ್

ಗ್ರ್ಯಾಂಥಮ್ಮಿನಲ್ಲಿ ಶಿಲುಬೆಯ ಕುರುಹೂ ಇಲ್ಲ. ಅದಿದ್ದ ಸೇಂಟ್ ಪೀಟರ್ಸ್ ಹಿಲ್‌ನಲ್ಲಿ ಈಗ ಐಸಾಕ್ ನ್ಯೂಟನ್ ನಿಂತಿದ್ದಾನೆ, ಅವನು ಓದಿದ ಊರು ಇದು. ಸ್ಟ್ಯಾಮ್‌ಫರ್ಡಿನಲ್ಲಿ 2009ರಲ್ಲಿ ನಿಲ್ಲಿಸಿದ ಹೊಸ ಗೋಪುರವಿದೆ. ಹಳೇ ಶಿಲುಬೆಯಿಂದ ಉಳಿದ ಒಂದು ಕಲ್ಲಿನ ಗುಲಾಬಿಯನ್ನು ನೋಡಿ ಅದರ ಅಲಂಕಾರ ಮಾಡಿದ್ದಾರೆ. ಚಳಿಗೆ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ. ಬಿಸಿ ಸೂಪ್ ಕುಡಿದು ಹೊರಟೆವು.

ಗೆಡಿಂಗ್ಟನ್‌ಗಾಗಿಯೇ ನಾನು ಕಾದಿದ್ದು. ಊರ ನಡುವೆ ಮೂರು ದಾರಿ ಕೂಡುವ ಕಡೆ ಶಿಲುಬೆ ನಿಂತಿದೆ. ಸುತ್ತ ಕಲ್ಲಿನ ಮನೆಗಳು, ಕೆಳಗೆ ಐಸ್ ಎಂಬ ಸಣ್ಣ ಹೊಳೆ, ಅದಕ್ಕೊಂದು ಹಳೇ ಸೇತುವೆ. ಇಲ್ಲಿ ರಾಜರ ಬೇಟೆ ಬಂಗಲೆ ಇತ್ತು. ಬದುಕಿದ್ದಾಗ ಗಂಡನ ಜೊತೆ ಬಂದು ಇಳಿದುಕೊಂಡಿದ್ದ ಊರಿಗೇ ಅವಳ ಶವವೂ ಬಂತು.

ಉಳಿದ ಮೂರರಲ್ಲಿ ಹೆಚ್ಚು ಕೆಡದೆ ನಿಂತಿರುವುದು ಇದೇ. ಎತ್ತರ ಹತ್ತಿರ ಹತ್ತಿರ 12 ಮೀಟರ್, ಆಕಾರ ಮೂರು ಮೂಲೆಯದು. ಕೆಳಗಿನ ಭಾಗದಲ್ಲಿ ಒಂದು ಗೇಣೂ ಬಿಡದೆ ಹೂವಿನ ಚೌಕಳಿ ಕೊರೆದಿದ್ದಾರೆ. ದೂರದಿಂದ ನೋಡಿದರೆ ಕಲ್ಲಿಗೆ ಕಸೂತಿ ಬಟ್ಟೆ ಸುತ್ತಿದ ಹಾಗಿದೆ. ಮೇಲೆ ಚಪ್ಪರದಂಥ ಕಮಾನುಗಳ ಅಡಿಯಲ್ಲಿ ಮೂರು ಎಲಿನೋರ್. 700 ವರ್ಷದ ಮಳೆಗೆ ಮುಖದ ಗೆರೆ ಸವೆದಿದೆ.

ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗುರಾಣಿಗಳಿವೆ. ನಾನು ಹುಡುಕಿದ್ದು ಅವನ್ನೇ. ಒಂದರ ಮೇಲೆ ಇಂಗ್ಲೆಂಡಿನ ಮೂರು ಸಿಂಹ, ಗಂಡನ ಮನೆಯದು. ಇನ್ನೊಂದರಲ್ಲಿ ಓರೆ ಪಟ್ಟಿಗಳು, ತಾಯಿಯ ಪೊಂತ್ಯೂ. ಮತ್ತೊಂದನ್ನು ನಾಲ್ಕು ಮನೆ ಮಾಡಿ ಎರಡರಲ್ಲಿ ಕೋಟೆ, ಎರಡರಲ್ಲಿ ಸಿಂಹ ಕೊರೆದಿದ್ದಾರೆ. ಅದು ತಂದೆಯ ಕ್ಯಾಸ್ಟೀಲ್ ಮತ್ತು ಲಿಯಾನ್. "ಕೋಟೆ ಸಿಕ್ತು!" ಅಂತ ಮಗಳು ನನಗಿಂತ ಮೊದಲು ಕೂಗಿದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಮಾತು ನಮ್ಮ ಕಡೆ ಇದೆ. ನನ್ನ ಮದುವೆಯಲ್ಲಿ ನನಗೂ ಅದನ್ನು ಹೇಳಿದ್ದರು. ಗೆಡಿಂಗ್ಟನ್ನಿನ ಕಲ್ಲು ಹಾಗೆ ಹೇಳುವುದಿಲ್ಲ. 35 ವರ್ಷ ಇಂಗ್ಲೆಂಡಿನಲ್ಲಿ ಬಾಳಿದವಳ ಪಕ್ಕದಲ್ಲಿ ತಾಯಿಯ ಮನೆ, ತಂದೆಯ ಮನೆ ಎರಡೂ ನಿಂತಿವೆ.

ಸೇತುವೆಯ ಕಟ್ಟೆ ಮೇಲೆ ಕೂತು ಮಗಳಿಗೆ ಆ ಮದುವೆಯ ಕತೆ ಹೇಳಿದೆ. ಅದು ಶುರುವಾಗಿದ್ದೇ ಬಳುವಳಿಯ ಜಗಳದಿಂದ. ಇಂಗ್ಲೆಂಡಿನ ಎರಡನೇ ಹೆನ್ರಿಯ ಮಗಳೊಬ್ಬಳನ್ನು ಕ್ಯಾಸ್ಟೀಲಿನ ಎಂಟನೇ ಅಲ್ಫಾನ್ಸೋಗೆ ಕೊಟ್ಟಿದ್ದರು. ಅವಳ ಹೆಸರೂ ಎಲಿನೋರ್, ಅಲ್ಲಿನವರ ಬಾಯಲ್ಲಿ ಲಿಯನೋರ್. ನಮ್ಮ ಎಲಿನೋರ್‌ಗೆ ಅವಳು ಮುತ್ತಜ್ಜಿ. ಫ್ರಾನ್ಸಿನ ಗ್ಯಾಸ್ಕನಿ ಸೀಮೆ ಆ ಮುತ್ತಜ್ಜಿಗೆ ಬಳುವಳಿಯಾಗಿ ಬಂದಿದ್ದು, ಅದು ನಮಗೆ ಸೇರಬೇಕು ಅಂತ ಕ್ಯಾಸ್ಟೀಲಿನವರು ಪಟ್ಟು ಹಿಡಿದರು. 1252ರಲ್ಲಿ ಫರ್ನಾಂದೋ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವನು ಹತ್ತನೇ ಅಲ್ಫಾನ್ಸೋ. ಫರ್ನಾಂದೋನ ಮೊದಲ ಹೆಂಡತಿಯ ಮಗ, ಎಲಿನೋರ್‌ಗೆ ಅಣ್ಣನಾಗಬೇಕು. ಅವನು ಗ್ಯಾಸ್ಕನಿಯ ಮೇಲಿನ ಹಕ್ಕು ಬಿಟ್ಟುಕೊಟ್ಟ, ತಂಗಿಯನ್ನೂ ಕೊಟ್ಟ. ಒಂದು ಹೆಣ್ಣಿನ ಹೆಸರಲ್ಲಿ ಎದ್ದ ವ್ಯಾಜ್ಯ ಅವಳ ಮರಿಮಗಳ ಮದುವೆಯಲ್ಲಿ ಮುಗಿಯಿತು.

1254ರ ನವೆಂಬರ್ 1ರಂದು ಬುರ್ಗೋಸ್ ಪಟ್ಟಣದ ಲಾಸ್ ಹುಯೆಲ್ಗಾಸ್ ಮಠದಲ್ಲಿ ಮದುವೆ. ಹುಡುಗನಿಗೆ 15, ಹುಡುಗಿಗೆ ಇನ್ನೂ 13 ತುಂಬಿರಲಿಲ್ಲ. ಆ ಮಠವನ್ನು ಕಟ್ಟಿಸಿದ್ದು ಇದೇ ಮುತ್ತಜ್ಜಿ ಲಿಯನೋರ್ ಮತ್ತು ಅವಳ ಗಂಡ. ಇಬ್ಬರ ಸಮಾಧಿಯೂ ಅಲ್ಲೇ ಇದೆ. ಲಿಯನೋರ್‌ಳ ಸಮಾಧಿಯ ಕಲ್ಲಿನ ಮೇಲೆ ಇಂಗ್ಲೆಂಡಿನ ಮೂರು ಸಿಂಹಗಳಿವೆ. ಅಂದರೆ ಇಲ್ಲಿ ಏನಿದೆಯೋ ಅದೇ ಅಲ್ಲಿ, ತಿರುಗುಮುರುಗಾಗಿ. ಇಂಗ್ಲೆಂಡಿನ ಮಗಳ ಕಲ್ಲು ಸ್ಪೇನಿನಲ್ಲಿ, ಸ್ಪೇನಿನ ಮಗಳ ಕಲ್ಲು ಇಂಗ್ಲೆಂಡಿನಲ್ಲಿ. ಎಲಿನೋರ್‌ಳನ್ನು ಪರದೇಶದವಳು ಅಂತ ಕರೆದ ಲಂಡನ್ನಿನ ಜನರಿಗೆ, ಅವಳ ರಕ್ತದಲ್ಲಿ ತಮ್ಮ ರಾಜನ ಮನೆತನದ ಪಾಲೂ ಇದೆ ಅನ್ನುವುದು ನೆನಪಾಗಲಿಲ್ಲ.

ಮೂರನೇ ದಿನ: ಹಾರ್ಡಿಂಗ್‌ಸ್ಟೋನ್, ಸ್ಟೋನಿ ಸ್ಟ್ರ್ಯಾಟ್‌ಫರ್ಡ್, ಡನ್‌ಸ್ಟೇಬಲ್

ನಾರ್ಥಾಂಪ್ಟನ್ನಿನ ಹೊರವಲಯದಲ್ಲಿ ಲಂಡನ್ ರಸ್ತೆಯ ಪಕ್ಕದಲ್ಲೇ ಹಾರ್ಡಿಂಗ್‌ಸ್ಟೋನ್ ಶಿಲುಬೆ. ಒಂದು ಕಡೆ ಲಾರಿಗಳ ಸದ್ದು, ಇನ್ನೊಂದು ಕಡೆ ಡೆಲಪ್ರೆ ಮಠದ ಮರಗಳು. ಇದಕ್ಕೆ ಎಂಟು ಮೂಲೆ. ತುದಿ ಎಂದೋ ಮುರಿದುಹೋಗಿದೆ. ಕೆಲಸ ಮಾಡಿಸಿದವನು ಜಾನ್ ಆಫ್ ಬ್ಯಾಟಲ್, ಪ್ರತಿಮೆ ಕಡೆದವನು ಐರ್ಲೆಂಡಿನ ವಿಲಿಯಂ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಕಲ್ಲಿನ ಮೇಲೇ ಕೊರೆದ. ಇವರ ಹೆಸರು ಉಳಿದದ್ದು ರಾಣಿಯ ಕಡೆಯವರು ಬರೆದಿಟ್ಟ ಕೂಲಿ ಲೆಕ್ಕದಲ್ಲಿ.

ಇಲ್ಲಿ ಬೇರೆ ಕಡೆ ಇಲ್ಲದ ಒಂದು ಕೆತ್ತನೆ ಇದೆ: ತೆರೆದಿಟ್ಟ ಪುಸ್ತಕ. ಅದನ್ನು ನೋಡಿ ಖುಷಿಯಾಯಿತು. ಎಲಿನೋರ್‌ಗೆ ಪುಸ್ತಕದ ಹುಚ್ಚು. ಪ್ರತಿ ಮಾಡುವ ಬರಹಗಾರರನ್ನು ತನ್ನ ಪರಿವಾರದಲ್ಲೇ ಇಟ್ಟುಕೊಂಡಿದ್ದಳು. ಅದು ತವರಿಂದ ಬಂದದ್ದು ಅಂತ ನನಗನ್ನಿಸುತ್ತದೆ. ಅಣ್ಣ ಅಲ್ಫಾನ್ಸೋಗೆ ಜನ ಇಟ್ಟ ಹೆಸರೇ 'ವಿದ್ವಾಂಸ'. ಕಾನೂನು, ನಕ್ಷತ್ರಶಾಸ್ತ್ರ, ಚದುರಂಗದ ಮೇಲೆಲ್ಲ ಅವನು ಪುಸ್ತಕ ಬರೆಸಿದ.

ಪುಸ್ತಕದ ಕೆಳಗಿನ ಮೆಟ್ಟಿಲ ಮೇಲೆ ಕೂತು ಚಪಾತಿ ಪಲ್ಯ ತಿಂದೆವು. ಮಕ್ಕಳೆಷ್ಟು ಅಂತ ಮಗಳು ಕೇಳಿದಳು. ಕಡಿಮೆ ಅಂದರೂ 14. ಅವಳು ಸಾಯುವ ಹೊತ್ತಿಗೆ ಉಳಿದವರು ಆರು ಮಂದಿ: ಐದು ಹೆಣ್ಣು, ಒಂದು ಗಂಡು. 1270ರಲ್ಲಿ ಗಂಡ ಧರ್ಮಯುದ್ಧಕ್ಕೆ ಹೊರಟಾಗ ಮಕ್ಕಳನ್ನು ಬಿಟ್ಟು ಅವಳೂ ಹೊರಟಳು. ಅವರು ದೂರದಲ್ಲಿದ್ದಾಗಲೇ, 1271ರಲ್ಲಿ, ದೊಡ್ಡ ಮಗ ಜಾನ್ ಇಲ್ಲಿ ತೀರಿಕೊಂಡ. ಮರುವರ್ಷ ಪ್ಯಾಲೆಸ್ಟೈನಿನ ಆಕ್ರದಲ್ಲಿ ಒಂದು ಹೆಣ್ಣು ಹುಟ್ಟಿತು. ಅವಳನ್ನು ಇವತ್ತಿಗೂ ಆಕ್ರದ ಜೋನ್ ಅಂತಲೇ ಕರೆಯುತ್ತಾರೆ, ಜೋನ್ ಅನ್ನುವುದು ಅಜ್ಜಿಯ ಹೆಸರು. ಅಲ್ಲೇ ಒಬ್ಬ ಎಡ್ವರ್ಡನಿಗೆ ವಿಷದ ಕತ್ತಿಯಿಂದ ಚುಚ್ಚಿದ. ಎಲಿನೋರ್ ಗಾಯಕ್ಕೆ ಬಾಯಿಟ್ಟು ವಿಷ ಹೀರಿ ಗಂಡನನ್ನು ಉಳಿಸಿಕೊಂಡಳು ಅನ್ನುವುದು ಆಮೇಲೆ ಬೆಳೆದ ಕತೆ. ವೈದ್ಯ ಗಾಯ ಕೊಯ್ಯುವಾಗ ಅಳುತ್ತಿದ್ದ ಅವಳನ್ನು ಹೊರಗೆ ಕರೆದೊಯ್ದರು ಅಂತ ಇನ್ನೊಂದು ವರದಿ ಹೇಳುತ್ತದೆ. ಅಳುವ ಎಲಿನೋರ್‌ಳನ್ನೇ ನಾನು ನಂಬುತ್ತೇನೆ.

1274ರಲ್ಲಿ ವಾಪಸು ಬಂದು ಪಟ್ಟಾಭಿಷೇಕವಾಯಿತು. ಅದೇ ವರ್ಷ ಇನ್ನೊಬ್ಬ ಮಗ, ಆರು ವರ್ಷದ ಹೆನ್ರಿ, ಗಿಲ್ಡ್‌ಫರ್ಡಿನಲ್ಲಿ ಹೋದ. ಕೊನೆಗಳಿಗೆಯಲ್ಲಿ ಅವನ ಜೊತೆಗಿದ್ದವಳು ಅಜ್ಜಿ, ಎಡ್ವರ್ಡನ ತಾಯಿ. ಅಪ್ಪ ಅಮ್ಮ ಲಂಡನ್ನಿನಲ್ಲಿದ್ದರು, ಹೋಗಲಿಲ್ಲ. ಇದನ್ನು ಹೇಳುವಾಗ ಮಗಳು ಮುಖ ಆ ಕಡೆ ತಿರುಗಿಸಿದಳು. ನನಗೂ ಇದು ಅರಗುವುದಿಲ್ಲ. ಆದರೆ ಇದರ ಜೊತೆಗೇ ಇನ್ನೊಂದನ್ನೂ ಹೇಳಬೇಕು. 1282ರಲ್ಲಿ ದೊಡ್ಡ ಮಗಳನ್ನು ಅರಗಾನಿನ ರಾಜಮನೆತನಕ್ಕೆ ಕಳಿಸುವ ಮಾತು ಬಂತು. ಆ ಹುಡುಗಿಗೂ ಎಲಿನೋರ್ ಅಂತಲೇ ಹೆಸರು, ಆಗ 13 ವಯಸ್ಸು. ರಾಣಿಗೂ ನಮ್ಮ ತಾಯಿಗೂ ಮನಸ್ಸಿಲ್ಲ, ಹುಡುಗಿ ತೀರ ಚಿಕ್ಕವಳು, ಇನ್ನೂ ತಡೆಯಿರಿ ಅಂತ ಎಡ್ವರ್ಡ್ ಬರೆದು ಕಳಿಸಿದ. ಅತ್ತೆ ಪ್ರೊವೆನ್ಸಿನ ಎಲಿನೋರ್ ಕೂಡ 13ರ ಸುಮಾರಿಗೆ ಪರದೇಶಕ್ಕೆ ಮದುವೆಯಾಗಿ ಬಂದವಳೇ. ಅತ್ತೆ ಸೊಸೆ ಇಬ್ಬರೂ ಒಂದಾಗಿ ಈ ಹುಡುಗಿಗೆ ಹಾಗಾಗುವುದು ಬೇಡ ಅಂದರು. ಸದ್ದು ಮಾಡಿ ಹೋಗುವ ಲಾರಿಗಳ ಪಕ್ಕದಲ್ಲಿ ಕೂತು ಈ ಮಾತನ್ನು ಎರಡು ಸಲ ಹೇಳಿದೆ. ಮಗಳು ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು ಕಾಫಿ ಬಗ್ಗಿಸಿ ಕೊಟ್ಟಳು.

ಸ್ಟೋನಿ ಸ್ಟ್ರ್ಯಾಟ್‌ಫರ್ಡಿನಲ್ಲಿ ಗೋಡೆಗೆ ಹಾಕಿದ ಫಲಕ ಮಾತ್ರ. ವೋಬರ್ನ್ ದಾಟಿ ಹೋದೆವು. ಡನ್‌ಸ್ಟೇಬಲ್ಲಿನಲ್ಲೂ ಶಿಲುಬೆ ಇಲ್ಲ, ಆದರೆ ಅಲ್ಲಿನ ಮಠದ ದಿನಚರಿಯಿಂದ ಆ ದಿನ ಏನಾಯಿತು ಅಂತ ಗೊತ್ತಿದೆ. ಚಟ್ಟವನ್ನು ಸಂತೆ ಬಯಲಲ್ಲಿ ಇಳಿಸಿದರು. ರಾಜನ ಚಾನ್ಸಲರನೂ ದೊಡ್ಡವರೂ ನಿಂತು ಶಿಲುಬೆಗೆ ಜಾಗ ಗುರುತು ಮಾಡಿದರು. ಮಠಾಧಿಪತಿ ಅಲ್ಲಿ ತೀರ್ಥ ಚಿಮುಕಿಸಿದ. ನಾವು ಹೋದಾಗ ಆ ಬೀದಿಯಲ್ಲಿ ಕ್ರಿಸ್‌ಮಸ್ ದೀಪ ಕಟ್ಟುತ್ತಿದ್ದರು.

ನಾಲ್ಕನೇ ದಿನ: ಸೇಂಟ್ ಆಲ್ಬನ್ಸ್, ವಾಲ್ಥಮ್ ಕ್ರಾಸ್

ಸೇಂಟ್ ಆಲ್ಬನ್ಸಿನ ಶಿಲುಬೆ ಇದ್ದದ್ದು ಗಡಿಯಾರ ಗೋಪುರದ ಎದುರಿಗೆ. ಈಗ ಅದರದ್ದೂ ಫಲಕ ಮಾತ್ರ. ಆದರೆ ಎಲಿನೋರ್ ಇಂಗ್ಲೆಂಡಿಗೆ ಕಾಲಿಟ್ಟ ದಿನದ ಸುದ್ದಿ ಬರೆದವನು ಇದೇ ಊರಿನ ಮಠದ ಸನ್ಯಾಸಿ, ಮ್ಯಾಥ್ಯೂ ಪ್ಯಾರಿಸ್. 1255ರ ಅಕ್ಟೋಬರ್. ಸೊಸೆ ಬರುತ್ತಾಳೆ ಅಂತ ಮಾವ ಮೂರನೇ ಹೆನ್ರಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅವಳ ಕೋಣೆಗೆ ರೇಷ್ಮೆ ಪರದೆ ಕಟ್ಟಿಸಿದ. ನೆಲಕ್ಕೂ ಜಮಖಾನ ಹಾಸಿದರು, ಸ್ಪೇನಿನ ರೂಢಿಯಂತೆ. ಇಲ್ಲಿನವರಿಗೆ ನೆಲಕ್ಕೆ ಜಮಖಾನ ಅನ್ನುವುದೇ ಹೊಸದು, ನೋಡಿ ಆಡಿಕೊಂಡರು. ನಮ್ಮ ಹುಡುಗಿ ಮನೆ ನೆನೆದು ಅಳಬಾರದು ಅಂತ ಮಾವನೊಬ್ಬ ಯೋಚಿಸಿದ್ದಾನೆ ಅಲ್ವಾ ಅಂದೆ. "ನಮ್ಮ ಅತ್ತೆ ನನಗೆ ಅಂತ ಇಲ್ಲಿಗೆ ರಾಗಿ ಹಿಟ್ಟು ಕಳಿಸಿದ್ರಲ್ಲ, ಹಾಗೆ" ಅಂದಳು ಮಗಳು.

ನಾಲಿಗೆಗೆ ತವರಿನ ರುಚಿಯೂ ಹಾಗೇ ಉಳಿದಿತ್ತು. 1290ರ ಹೊತ್ತಿಗೆ ಪೋರ್ಟ್ಸ್‌ಮತ್ ಬಂದರಿಗೆ ಸ್ಪೇನಿನ ಹಡಗೊಂದು ಬಂತು. ಅದರಿಂದ ರಾಣಿಗೆ ಕೊಂಡದ್ದರ ಲೆಕ್ಕ ಇದೆ: ಅಂಜೂರ, ಒಣದ್ರಾಕ್ಷಿ, ಖರ್ಜೂರ, 230 ದಾಳಿಂಬೆ, 15 ಮಾದಳದ ಹಣ್ಣು, 7 ಕಿತ್ತಳೆ. ಎಳೆ ವಯಸ್ಸಿನಲ್ಲಿ ಊರು ಬಿಟ್ಟವಳು, ಐವತ್ತರ ಹತ್ತಿರ ದಾಳಿಂಬೆ ತರಿಸಿಕೊಳ್ಳುತ್ತಾಳೆ.

ತವರಿನವರ ವಿಷಯದಲ್ಲಿ ಅವಳು ಜಾಣೆ. ಅತ್ತೆಯ ಸೋದರಮಾವಂದಿರು ಗುಂಪಾಗಿ ಬಂದು ದೊಡ್ಡ ಹುದ್ದೆ ಹಿಡಿದಿದ್ದಕ್ಕೆ ಇಂಗ್ಲೆಂಡಿನ ಜನ ಸಿಟ್ಟಾಗಿದ್ದನ್ನು ಇವಳು ಕಣ್ಣಾರೆ ಕಂಡಿದ್ದಳು. ಹಾಗಾಗಿ ಗಂಡಸು ನೆಂಟರನ್ನು ತಂದು ಕೂರಿಸಲಿಲ್ಲ. ತಾಯಿಯ ಕಡೆಯ ಹೆಣ್ಣುಮಕ್ಕಳನ್ನು ಕರೆಸಿ ಇಲ್ಲಿನ ದೊಡ್ಡ ಮನೆಗಳಿಗೆ ಮದುವೆ ಮಾಡಿಕೊಟ್ಟಳು. ಜನ ಗೊಣಗುವುದಕ್ಕೆ ಹೆಚ್ಚು ಜಾಗ ಸಿಗಲಿಲ್ಲ.

ಆದರೆ ಆಸ್ತಿಯ ವಿಷಯದಲ್ಲಿ ಜನ ಚೆನ್ನಾಗೇ ಗೊಣಗಿದರು. ಅದಕ್ಕೆ ಕಾರಣವೂ ಇತ್ತು. ಸಾಲದಲ್ಲಿ ಮುಳುಗಿದವರ ಪತ್ರಗಳನ್ನು ಸಾಲ ಕೊಟ್ಟ ಯಹೂದಿಗಳಿಂದ ತಾನು ಪಡೆದು, ಆ ಸಾಲಕ್ಕೆ ಅಡವಿದ್ದ ಭೂಮಿಯನ್ನು ಅವಳು ತನ್ನದು ಮಾಡಿಕೊಳ್ಳುತ್ತಿದ್ದಳು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪೆಕ್‌ಹ್ಯಾಮ್ ಇದು ಪಾಪ, ನಿಮ್ಮ ಬಗ್ಗೆ ಊರಲ್ಲೆಲ್ಲ ಮಾತಾಗಿದೆ ಅಂತ ಬರೆದು ಎಚ್ಚರಿಸಿದ. ರಾಜನಿಗೆ ನಮ್ಮ ಚಿನ್ನ ಬೇಕು, ರಾಣಿಗೆ ನಮ್ಮ ಜಮೀನು ಬೇಕು ಅಂತ ಪದ ಕಟ್ಟಿ ಹಾಡುತ್ತಿದ್ದರು. ಅವಳು ಸತ್ತ 1290ರಲ್ಲೇ ಎಡ್ವರ್ಡ್ ಯಹೂದಿಗಳೆಲ್ಲರನ್ನೂ ದೇಶದಿಂದ ಓಡಿಸಿದ. ಅದಕ್ಕೆ ಮುಂಚೆ ವರ್ಷಗಟ್ಟಲೆ ತೆರಿಗೆ ಹಾಕಿ ಹಿಂಡಿದ್ದ. ಆ ಹಣದಲ್ಲಿ ಅವಳ ಪಾಲೂ ಇತ್ತು. ಗೆಡಿಂಗ್ಟನ್ನಿನ ಕಲ್ಲು ನೋಡಿ ಕಣ್ಣು ತುಂಬಿಕೊಂಡವಳು ಇದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ.

ಸಂಜೆ ವಾಲ್ಥಮ್ ಕ್ರಾಸ್. ಶಿಲುಬೆ ಪೇಟೆ ನಡುವೆ ಇದೆ, ಸುತ್ತ ಅಂಗಡಿ. ಜನ ಚೀಲ ಹಿಡಿದು ಅದರ ಪಕ್ಕದಲ್ಲೇ ಓಡಾಡುತ್ತಾರೆ. ಆರು ಮೂಲೆಯ ಈ ಶಿಲುಬೆಯನ್ನು ಹಲವು ಸಲ ದುರಸ್ತಿ ಮಾಡಿದ್ದಾರೆ. ಅಬಿಂಗ್ಡನ್ನಿನ ಅಲೆಕ್ಸಾಂಡರ್ ಕಡೆದ ಮೂಲ ಪ್ರತಿಮೆಗಳು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿವೆ, ಇಲ್ಲಿರುವವು ಪ್ರತಿಗಳು. ಕೋಟೆ ಇಲ್ಲೂ ಇತ್ತು. ಈ ಸಲ ನಾನೇ ಮೊದಲು ಕಂಡೆ.

ಐದನೇ ದಿನ: ಲಂಡನ್

ಚೀಪ್‌ಸೈಡಿನ ಶಿಲುಬೆಯನ್ನು 1643ರಲ್ಲಿ ಉರುಳಿಸಿದರು, ಚೇರಿಂಗ್‌ನದನ್ನು 1647ರಲ್ಲಿ. ಚೇರಿಂಗ್ ಕ್ರಾಸ್ ರೈಲು ನಿಲ್ದಾಣದ ಮುಂದೆ ಈಗ ಇರುವುದು 1860ರ ದಶಕದ ಕೆಲಸ. ಮೂಲ ಶಿಲುಬೆ ಇದ್ದ ಜಾಗದಲ್ಲಿ ಮೊದಲನೇ ಚಾರ್ಲ್ಸ್ ಕುದುರೆಯ ಮೇಲೆ ಕೂತಿದ್ದಾನೆ. ಲಂಡನ್ನಿಗೆ ಇಷ್ಟು ಮೈಲಿ ಅಂತ ರಸ್ತೆಗಳಲ್ಲಿ ಅಳೆಯುವುದು ಆ ಜಾಗದಿಂದಲೇ. ಚೇರಿಂಗ್ ಅಂದರೆ ಫ್ರೆಂಚಿನಲ್ಲಿ 'ಪ್ರೀತಿಯ ರಾಣಿ' ಅಂತ ಅನೇಕರು ಹೇಳುತ್ತಾರೆ. ಅದು ಹಾಗಲ್ಲ, ತಿರುವು ಅನ್ನುವ ಹಳೇ ಇಂಗ್ಲಿಷ್ ಮಾತಿಂದ ಬಂದ ಹೆಸರು, ನದಿ ಅಲ್ಲಿ ತಿರುಗುತ್ತದೆ. ಬ್ಲ್ಯಾಕ್‌ಫ್ರಯರ್ಸ್ ಮಠವೂ ಇಲ್ಲ. ಅಲ್ಲಿ ಅವಳ ಹೃದಯದ ಜೊತೆ ಮಗ ಅಲ್ಫಾನ್ಸೋನ ಹೃದಯವನ್ನೂ ಹೂಳಿದ್ದರು. ತವರಿನ ಅಣ್ಣನ ಹೆಸರಿಟ್ಟ ಹುಡುಗ. ಬದುಕಿದ್ದರೆ ಇಂಗ್ಲೆಂಡಿಗೆ ಅಲ್ಫಾನ್ಸೋ ಎಂಬ ರಾಜ ಇರುತ್ತಿದ್ದ. 1284ರಲ್ಲಿ, ಹತ್ತು ವರ್ಷದವನಿದ್ದಾಗ ತೀರಿಕೊಂಡ.

ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಗಳು ಮೊದಲೇ ವರ್ಜರ್, ಅಂದರೆ ಚರ್ಚಿನ ಮೇಲ್ವಿಚಾರಕರ, ಜೊತೆಗಿನ ಸುತ್ತಿಗೆ ಟಿಕೆಟ್ ತೆಗೆದಿದ್ದಳು. ಹಾಗೆ ಹೋದರೆ ಮಾತ್ರ ಎಡ್ವರ್ಡ್ ದಿ ಕನ್ಫೆಸರ್ ಎಂಬ ಹಿಂದಿನ ಕಾಲದ ಸಂತ ರಾಜನ ಗದ್ದುಗೆಯ ಹತ್ತಿರ ಬಿಡುತ್ತಾರೆ. ಹೊರಗಿನ ಓಣಿಯಿಂದ ನೋಡಿದರೆ 1294ರ ಕಬ್ಬಿಣದ ಜಾಲರಿಯೇ ಅಡ್ಡ ಬರುತ್ತದೆ. ಮೆಟ್ಟಿಲು ಹತ್ತಿ ಒಳಗೆ ಹೋದರೆ ನೆಲ ಎತ್ತರ, ಅವಳು ಹತ್ತಿರ ಸಿಗುತ್ತಾಳೆ. ಗಂಡ ಎಡ್ವರ್ಡ್ ಒಂದು ತುದಿಯಲ್ಲಿ, ಅವನ ಸಮಾಧಿಗೆ ಪ್ರತಿಮೆ ಕೂಡ ಇಲ್ಲ, ಬರೀ ಕಲ್ಲು. ನಡುವೆ ಜಮಖಾನ ಹಾಸಿಸಿದ ಮಾವ ಹೆನ್ರಿ. ಈ ತುದಿಯಲ್ಲಿ ಎಲಿನೋರ್. 1290ರ ಡಿಸೆಂಬರ್ 17ರಂದು ಇಲ್ಲಿಗೆ ತಂದು ಇಟ್ಟರು. ಹದಿನೆಂಟು ದಿನ ಕಳೆದ ಮೇಲೆ ಎಡ್ವರ್ಡ್ ಫ್ರಾನ್ಸಿನ ಕ್ಲೂನಿ ಮಠಕ್ಕೆ ಕಾಗದ ಬರೆದು ಅವಳಿಗಾಗಿ ಪ್ರಾರ್ಥನೆ ಮಾಡಿ ಅಂತ ಕೇಳಿಕೊಂಡ. ಬದುಕಿದ್ದಾಗ ಮನಸಾರೆ ಪ್ರೀತಿಸಿದವಳನ್ನು ಸತ್ತ ಮೇಲೂ ಪ್ರೀತಿಸದೆ ಇರಲಾರೆವು ಅಂತ ಅದರಲ್ಲಿದೆ.

ಕಂಚಿನ ಪ್ರತಿಮೆಗೆ ಚಿನ್ನದ ಲೇಪ. ಮಾಡಿದವನು ಅಕ್ಕಸಾಲಿಗ ವಿಲಿಯಂ ಟೊರೆಲ್, 1291ರಲ್ಲಿ. ಕೂದಲು ಬಿಚ್ಚಿ ಭುಜದ ಮೇಲೆ ಬಿದ್ದಿದೆ. ಒಂದು ಕೈ ಎದೆಯ ಹತ್ತಿರ ಮೇಲಂಗಿಯ ದಾರ ಹಿಡಿದಿದೆ. ಇನ್ನೊಂದು ಕೈಯಲ್ಲಿದ್ದ ರಾಜದಂಡ ಕಳೆದುಹೋಗಿದೆ, ಬೆರಳು ಮಾತ್ರ ಹಾಗೇ ಇವೆ. ಅಂಚಿನಲ್ಲಿ ಹಳೇ ಫ್ರೆಂಚಿನ ಬರಹ. ಅದನ್ನು ಮನೆಯಲ್ಲೇ ಬರೆದುಕೊಂಡು ಬಂದಿದ್ದೆ. ಇಲ್ಲಿ ಮಲಗಿದವಳು ಎಲಿನೋರ್, ಇಂಗ್ಲೆಂಡಿನ ರಾಣಿಯಾಗಿದ್ದವಳು. ಹೆನ್ರಿ ರಾಜನ ಮಗ ಎಡ್ವರ್ಡ್ ರಾಜನ ಹೆಂಡತಿ. ಸ್ಪೇನಿನ ರಾಜನ ಮಗಳು. ಪೊಂತ್ಯೂ ಸೀಮೆಯ ಒಡತಿ. ದೇವರು ಇವಳ ಆತ್ಮಕ್ಕೆ ದಯೆ ತೋರಲಿ.

ಸಣ್ಣ ದನಿಯಲ್ಲಿ ಓದಿ ಮುಗಿಸಿದೆ. ಮಗಳು ಬಗ್ಗಿ ಏನೋ ನೋಡುತ್ತಿದ್ದಳು. "ಅಮ್ಮ, ದಿಂಬು ನೋಡು" ಅಂದಳು. ಅವಳ ತಲೆಯ ಕೆಳಗಿನ ಎರಡು ದಿಂಬುಗಳ ತುಂಬ ಚೌಕ ಚೌಕವಾಗಿ ಕೋಟೆ, ಸಿಂಹ, ಕೋಟೆ, ಸಿಂಹ. ಮೈ ಕೆಳಗಿನ ಹಾಸಿನ ಮೇಲೂ ಅದೇ. ವರ್ಜರ್ ಮುಂದೆ ಹೋಗೋಣ ಅಂತ ಕೈ ತೋರಿಸಿದರು. ಮಗಳು ಇನ್ನೂ ಎಣಿಸುತ್ತಿದ್ದಳು. ಬಿಚ್ಚಿದ ಕೂದಲು ಒಂದು ಕೋಟೆಯ ಮೇಲೆ ಹರಡಿ, ಅದರ ಅರ್ಧ ಮಾತ್ರ ಕಾಣುತ್ತಿತ್ತು.